ವಿದ್ಯಾರ್ಥಿಗಳ ಬಾಡಿಗೆ ಮನೆ: ಡಿಪಾಸಿಟ್ಟಿನ ಲೆಕ್ಕ ಕೊಡುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಧಾರವಾಡದ ಸಪ್ತಾಪುರ, ಕಲ್ಯಾಣನಗರ, ಶ್ರೀನಗರ, ಮಾಳಮಡ್ಡಿ ಮುಂತಾದ ಬಡಾವಣೆಗಳಲ್ಲಿ ಮೂವರೋ ನಾಲ್ವರೋ ವಿದ್ಯಾರ್ಥಿಗಳು ಕೂಡಿಕೊಂಡು ಖಾಸಗಿ ಮಾಲೀಕರ ಮನೆಯೊಂದನ್ನು ಬಾಡಿಗೆಗೆ ಹಿಡಿದು ಓದುವ ಪದ್ಧತಿ ಇಂದು ನಿನ್ನೆಯದಲ್ಲ. ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದಂದಿನಿಂದಲೂ ಈ ಊರು ಹೊರಗಿನ ಹುಡುಗರಿಗೆ ಕೋಣೆ ಕೊಟ್ಟು ಬದುಕಿದೆ. ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜುಗಳು ಒಂದೊಂದಾಗಿ ಬಂದ ಮೇಲೆ ಈ ಬೇಡಿಕೆ ಬೆಳೆಯಿತು; ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಸಪ್ತಾಪುರದಲ್ಲಿ ಸಾಲುಗಟ್ಟಿದ ಮೇಲೆ ಅದಕ್ಕೆ ಮಿತಿಯೇ ಇಲ್ಲದಂತಾಯಿತು. ಪ್ರವೇಶಾತಿಯ ಹೊತ್ತಿಗೆ ಬಾಡಿಗೆ ಏರಿದ ಸುದ್ದಿ, ಬೇಸಿಗೆಯಲ್ಲಿ ನೀರು ಬಾರದ ಸುದ್ದಿ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಈ ವಿದ್ಯಾರ್ಥಿಗಳು ಸದ್ದಿಲ್ಲದೆ ದೊಡ್ಡ ಮೊತ್ತ ಕಳೆದುಕೊಳ್ಳುವುದು ಮನೆ ಬಿಡುವ ದಿನ, ಡಿಪಾಸಿಟ್ಟಿನ ಲೆಕ್ಕದಲ್ಲಿ. ಅದರ ಬಗ್ಗೆ ಯಾರೂ ಬರೆಯದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ನಾನು ನಿವೃತ್ತ ಉಪನ್ಯಾಸಕ. ಮನೆಯ ಹಿಂಭಾಗವನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಮಾಲೀಕನೂ ಹೌದು. ಆದ್ದರಿಂದ ಎರಡೂ ಕಡೆಯ ಮಾತು ನನಗೆ ಸ್ವಲ್ಪ ಗೊತ್ತು.

ಕುಟುಂಬವೊಂದು ಬಾಡಿಗೆಗೆ ಬಂದರೆ ಡಿಪಾಸಿಟ್ ಕೊಟ್ಟವರೂ ಮರಳಿ ಪಡೆಯುವವರೂ ಒಬ್ಬರೇ ಆಗಿರುತ್ತಾರೆ. ವಿದ್ಯಾರ್ಥಿಗಳ ಮನೆಯಲ್ಲಿ ಹಾಗಲ್ಲ. ಮೊದಲ ವರ್ಷ ನಾಲ್ವರು ಸಮಪಾಲು ಹಾಕಿ ಮಾಲೀಕರಿಗೆ ಡಿಪಾಸಿಟ್ ಕೊಡುತ್ತಾರೆ. ಅವರಲ್ಲಿ ಒಬ್ಬನ ಹೆಸರಿನಲ್ಲಿ ಮಾತ್ರ ಇ-ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಆಗುತ್ತದೆ. ಅನೇಕ ಮನೆಗಳಲ್ಲಿ ಅದೂ ಆಗುವುದಿಲ್ಲ. ವರ್ಷ ಕಳೆಯುತ್ತಲೇ ಒಬ್ಬನ ಓದು ಮುಗಿಯುತ್ತದೆ, ಇನ್ನೊಬ್ಬನಿಗೆ ಹಾಸ್ಟೆಲ್ ಸಿಗುತ್ತದೆ, ಮತ್ತೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಆಗಿ ತರಬೇತಿಗೆ ಹೋಗುತ್ತಾನೆ. ಹೋಗುವವನು ತನ್ನ ಪಾಲನ್ನು ಮಾಲೀಕರಿಂದ ಕೇಳುವುದಿಲ್ಲ, ಬರುವವನಿಂದ ಪಡೆದುಕೊಂಡು ಹೋಗುತ್ತಾನೆ. ಬಂದವನು ಮುಂದೆ ತಾನು ಬಿಡುವಾಗ ಮತ್ತೊಬ್ಬನಿಂದ ತೆಗೆದುಕೊಳ್ಳುತ್ತಾನೆ. ಹೀಗೆ ಹಣ ಕೈಯಿಂದ ಕೈಗೆ ದಾಟುತ್ತಿರುತ್ತದೆ, ಮನೆ ಮಾತ್ರ ಅಲ್ಲೇ ಸವೆಯುತ್ತಿರುತ್ತದೆ. ನಾಲ್ಕಾರು ವರ್ಷಗಳಲ್ಲಿ ಕರಾರಿನಲ್ಲಿ ಹೆಸರಿರುವ ಹುಡುಗ ಎಲ್ಲಿದ್ದಾನೆಂಬುದು ಮಾಲೀಕರಿಗೂ ಗೊತ್ತಿರುವುದಿಲ್ಲ, ಅಲ್ಲಿ ವಾಸಿಸುವವರಿಗೂ ಗೊತ್ತಿರುವುದಿಲ್ಲ. ಕೊನೆಗೆ ಮಾಲೀಕರು ಮನೆ ಖಾಲಿ ಮಾಡಿಸಿದ ದಿನ, ಆಗ ಒಳಗಿರುವ ನಾಲ್ವರು ಹಿಂದಿನವರೆಲ್ಲರ ಮೊಳೆ, ಕಲೆ, ಬಿರುಕುಗಳ ಲೆಕ್ಕವನ್ನು ಒಟ್ಟಿಗೆ ತೀರಿಸುತ್ತಾರೆ.

ಹೋದ ವರ್ಷ ಇಂಥದೊಂದು ಲೆಕ್ಕದ ಚೀಟಿ ನನ್ನ ಕೈಗೆ ಬಂತು. ಜಮಖಂಡಿ ಮತ್ತು ಮುದ್ದೇಬಿಹಾಳ ಕಡೆಯ ನಾಲ್ವರು ಪದವಿ ವಿದ್ಯಾರ್ಥಿಗಳು ತಿಂಗಳಿಗೆ 9,000 ರೂಪಾಯಿ ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿದ್ದರು. ಡಿಪಾಸಿಟ್ 50,000, ತಲಾ 12,500. ಮನೆ ಬಿಡುವಾಗ ಮಾಲೀಕರು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಹೀಗೆ ಬರೆದುಕೊಟ್ಟಿದ್ದರು: ಬಣ್ಣಕ್ಕೆ 18,000, ನಲ್ಲಿ ಮತ್ತು ಫ್ಲಶ್ ಟ್ಯಾಂಕಿಗೆ 3,500, ಸ್ವಿಚ್ ಬೋರ್ಡಿಗೆ 2,500, ಕ್ಲೀನಿಂಗಿಗೆ 2,000, ಬೇಸಿಗೆಯ ಟ್ಯಾಂಕರ್ ನೀರಿಗೆ 4,000, ಮೊದಲೇ ತಿಳಿಸದೆ ಬಿಟ್ಟದ್ದಕ್ಕೆ ಒಂದು ತಿಂಗಳ ಬಾಡಿಗೆ 9,000. ಒಟ್ಟು 39,000 ಕಡಿತವಾಗಿ ಉಳಿದದ್ದು 11,000. ಪ್ರತಿಯೊಬ್ಬನ ಕೈಗೆ ಬಂದದ್ದು 2,750 ರೂಪಾಯಿ. ನಾಲ್ವರಲ್ಲಿ ಯಾರೂ ಆ ಮನೆಗೆ ಮೊದಲು ಬಂದವರಲ್ಲ. ಅಡುಗೆ ಕೋಣೆಯ ಗೋಡೆಯ ಮೇಲಿದ್ದ ಎಣ್ಣೆಯ ಕಪ್ಪು ತಾವು ಬಂದಾಗಲೇ ಇತ್ತೆಂದು ಅವರು ಹೇಳಿದರು, ತೋರಿಸಲು ಒಂದು ಫೋಟೊ ಇರಲಿಲ್ಲ. ಸ್ಟೌ ಹಚ್ಚದೆ ಖಾನಾವಳಿಯ ಊಟ ಮತ್ತು ಊರಿನಿಂದ ಬಸ್ಸಿಗೆ ಬರುವ ರೊಟ್ಟಿ ಡಬ್ಬಿಯ ಮೇಲೆ ದಿನ ಕಳೆದ ಹುಡುಗರು ಅಡುಗೆ ಕೋಣೆಯ ಗೋಡೆಗೆ ಬಣ್ಣ ಹಚ್ಚಿಸಿಕೊಟ್ಟು ಹೋದರು.

ಈ ಹಣದ ಅಳತೆ ತಿಳಿಯಬೇಕಾದರೆ ವಿದ್ಯಾಸಿರಿಯ ಮಗ್ಗುಲಲ್ಲಿಟ್ಟು ನೋಡಬೇಕು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು 2013-14ರಲ್ಲಿ ಆರಂಭವಾದ ಆ ಯೋಜನೆ ಗೊತ್ತುಪಡಿಸಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಎಲ್ಲರಿಗೂ ಹಾಸ್ಟೆಲ್ ಕಟ್ಟಿಸಿಕೊಡಲು ಆಗುವುದಿಲ್ಲ, ನೀವು ಹೊರಗೆ ಬಾಡಿಗೆಗೆ ಇರಿ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹಾಗೆ ಹೊರಗಿದ್ದವನು ಡಿಪಾಸಿಟ್ಟಿನ ಕಡಿತದಲ್ಲಿ ಒಂದೇ ದಿನ ಸುಮಾರು 10,000 ರೂಪಾಯಿ ಕಳೆದುಕೊಂಡರೆ, ವರ್ಷದ ನೆರವಿನ ಮೂರನೇ ಎರಡು ಭಾಗ ಬಣ್ಣದ ಡಬ್ಬಿಯೊಳಗೆ ಹೋದಂತೆ.

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ, ಆ ಕ್ಯಾಲೆಂಡರ್ ಹಾಳೆಯ ಅರ್ಧಕ್ಕಿಂತ ಹೆಚ್ಚು ಮೊತ್ತ ಪ್ರಶ್ನಾರ್ಹವಾಗಿತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬೇರೆ ಕರಾರಿಲ್ಲದಿದ್ದಾಗ ಮಾಲೀಕ ಮತ್ತು ಬಾಡಿಗೆದಾರರ ಹೊಣೆಗಳನ್ನು ಹೇಳುತ್ತದೆ. ಬಾಡಿಗೆದಾರನು ಸ್ವತ್ತನ್ನು ತಾನು ಪಡೆದಾಗಿನ ಸ್ಥಿತಿಯಲ್ಲಿ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದಾಗುವ ಸವಕಳಿಗೆ ಅವನು ಹೊಣೆಯಲ್ಲ ಎಂಬುದು ಅಲ್ಲಿಯ ಮಾತು. ಬಣ್ಣ ಮಾಸುವುದು ಸವಕಳಿಯಲ್ಲದೆ ಮತ್ತೇನು? ಅದೇ ಕಲಮಿನ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಯೋಗ್ಯ ಕಾಲಾವಧಿಯೊಳಗೆ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಳೆಗಾಲದಲ್ಲಿ ಸೋರುವ ಹಂಚಿನ ಕೆಳಗೆ ಬಕೆಟ್ ಇಟ್ಟು ಓದುವ ಎಷ್ಟು ಹುಡುಗರಿಗೆ ಇದು ಗೊತ್ತಿದೆ? ನೋಟಿಸಿನ ವಿಷಯವೂ ಹಾಗೆಯೇ. ವಾಸದ ಮನೆಯ ತಿಂಗಳ ಬಾಡಿಗೆಯಲ್ಲಿ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 106ನೇ ಕಲಮಿನಂತೆ ಎರಡೂ ಕಡೆಗೆ ಹದಿನೈದು ದಿನಗಳ ನೋಟಿಸು ಸಾಕು. ಎಂದೋ ಅವಧಿ ಮುಗಿದ, ಇಲ್ಲಿ ಇಲ್ಲವೇ ಇಲ್ಲದ ಹುಡುಗನೊಬ್ಬನ ಹೆಸರಿನ ಕಾಗದವನ್ನು ಆಧರಿಸಿ ಇಡೀ ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಕೀಲರು ಹೇಳಲಿ.

ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಬದಲಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಯಾದದ್ದು 2001ರ ಡಿಸೆಂಬರ್ ಕೊನೆಯ ದಿನ. ಆದರೆ ತಿಂಗಳ ಬಾಡಿಗೆ ಕೆಲವು ಪ್ರದೇಶಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದಿನ ಬೆಲೆಗೆ ಅದು ಸರಿ ಇದ್ದಿರಬಹುದು. ಇಂದು ಸಪ್ತಾಪುರದಲ್ಲಿ 3,500 ರೂಪಾಯಿಗೆ ಮನೆ ಹಾಗಿರಲಿ, ಒಳ್ಳೆಯದೊಂದು ಕೋಣೆ ಸಿಕ್ಕರೆ ಪುಣ್ಯ. ಕಾಯ್ದೆ ಪುಸ್ತಕದಲ್ಲಿದೆ, ವಿದ್ಯಾರ್ಥಿಗಳ ಮನೆಗಳೆಲ್ಲ ಅದರ ಹೊರಗಿವೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇದಕ್ಕೆ ಬಹುಮಟ್ಟಿಗೆ ಉತ್ತರವಿದೆ. ಅದರಂತೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ, ಕರಾರು ಲಿಖಿತವಾಗಿರಲೇಬೇಕು, ಮನೆ ಖಾಲಿ ಮಾಡಿಕೊಟ್ಟ ದಿನವೇ ನ್ಯಾಯವಾದ ಬಾಕಿಯನ್ನು ಕಳೆದು ಉಳಿದದ್ದನ್ನು ಮರಳಿಸಬೇಕು, ಒಳಗೆ ಬರುವ ಮುನ್ನ ಮಾಲೀಕರು ಇಪ್ಪತ್ನಾಲ್ಕು ಗಂಟೆ ಮೊದಲು ತಿಳಿಸಬೇಕು, ವ್ಯಾಜ್ಯವಿದ್ದರೂ ನೀರು, ವಿದ್ಯುತ್ ಕಡಿಯುವಂತಿಲ್ಲ. ಯಾವ ದುರಸ್ತಿ ಯಾರದು ಎಂಬ ಪಟ್ಟಿಯೂ ಅದಕ್ಕೆ ಲಗತ್ತಾಗಿದೆ. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಚರಂಡಿ ಸ್ವಚ್ಛತೆ ಬಾಡಿಗೆದಾರನ ಪಾಲಿಗೆ ಬಂದರೆ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳಿಗೆ ಬಣ್ಣ, ಪೈಪು ಮತ್ತು ವೈರಿಂಗ್ ಬದಲಾವಣೆ ಮಾಲೀಕರ ಪಾಲಿಗೆ ಬರುತ್ತವೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ತಮಿಳುನಾಡಿನ 2017ರ ಕಾಯ್ದೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೂರು ತಿಂಗಳ ಮಿತಿ ಹಾಕಿದೆ. ನಮ್ಮಲ್ಲಿ ಅಂಥ ಮಿತಿ ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಇಂಗ್ಲೆಂಡಿಗೆ ಎಂ.ಎಸ್‌ಸಿ. ಓದಲು ಹೋದ ನಮ್ಮ ಹುಡುಗರಿಗೆ ಅಲ್ಲಿಯ ವ್ಯವಸ್ಥೆ ಪರಿಚಿತ. 2007ರ ಏಪ್ರಿಲ್‌ನಿಂದ ಅಲ್ಲಿ ಖಾಸಗಿ ಮಾಲೀಕರು ಬಾಡಿಗೆ ಮನೆಗೆ ಪಡೆದ ಡಿಪಾಸಿಟ್ಟನ್ನು ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಲೇಬೇಕು, ಕಡಿತದ ಬಗ್ಗೆ ತಕರಾರು ಬಂದರೆ ಕೋರ್ಟಿನ ಮೆಟ್ಟಿಲೇರದೆ ಆ ಯೋಜನೆಯಲ್ಲೇ ತೀರ್ಮಾನ ಕೇಳಬಹುದು. ಅಷ್ಟು ದೂರ ಹೋಗುವ ಮೊದಲು ನಾವು ಒಂದು ರಸೀದಿಯವರೆಗಾದರೂ ಬಂದರೆ ಸಾಕಿತ್ತು.

ಪೇಯಿಂಗ್ ಗೆಸ್ಟ್ ಮನೆಗಳ ಬಗ್ಗೆ ಆಡಳಿತ ಎಚ್ಚೆತ್ತಿದೆ ಎಂಬುದನ್ನು ಇಲ್ಲಿ ಹೇಳಬೇಕು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರ ಆಗಸ್ಟ್‌ನಲ್ಲಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿ, ತಲಾ 70 ಚದರ ಅಡಿ ಜಾಗ, ದಿನಕ್ಕೆ ತಲಾ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ ಇತ್ಯಾದಿ ಷರತ್ತು ವಿಧಿಸಿತು. ಅವು ಎಷ್ಟು ಪಾಲನೆಯಾಗುತ್ತಿವೆ ಎಂಬುದು ಬೇರೆ ಮಾತು. ಆದರೆ ನಾಲ್ವರು ವಿದ್ಯಾರ್ಥಿಗಳು ತಾವಾಗಿಯೇ ಹಿಡಿದ ಮನೆ ಪಿ.ಜಿ.ಯಲ್ಲ, ಹಾಸ್ಟೆಲ್ಲಲ್ಲ, ಕುಟುಂಬದ ಮನೆಯೂ ಅಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಇಲಾಖೆ ಯಾವುದೂ ಇಲ್ಲ.

ಹಾಗಾದರೆ ವಿದ್ಯಾರ್ಥಿಗಳೇ ಕಾಗದ ಕೇಳಬಾರದೇಕೆ? ಕೇಳಲು ಧೈರ್ಯ ಬರುವುದಿಲ್ಲ, ಏಕೆಂದರೆ ಮನೆ ಸಿಕ್ಕಿದ್ದೇ ದೊಡ್ಡದು. "ಟು-ಲೆಟ್" ಬೋರ್ಡು ನೋಡಿ ಗೇಟು ತೆರೆದವನಿಗೆ ಬರುವ ಮೊದಲ ಪ್ರಶ್ನೆ ಹೆಸರಲ್ಲ, ಓದಲ್ಲ, "ಯಾ ಪೈಕಿ ನೀವು?" ಎಂಬುದು. ಉತ್ತರ ಹಿಡಿಸದಿದ್ದರೆ ಮನೆ ಆಗಲೇ ಬೇರೆಯವರಿಗೆ ಹೋಗಿರುತ್ತದೆ, ಬೋರ್ಡು ಮಾತ್ರ ಮುಂದಿನ ವಾರವೂ ತೂಗುತ್ತಿರುತ್ತದೆ. ಪರಿಶಿಷ್ಟ ಜಾತಿಯ, ಮುಸ್ಲಿಂ ಸಮುದಾಯದ ನನ್ನ ವಿದ್ಯಾರ್ಥಿಗಳು ಓಣಿಯಿಂದ ಓಣಿಗೆ ಅಲೆದು, ಕೊನೆಗೆ ಎಲ್ಲರೂ ಒಲ್ಲೆನೆಂದ ಮನೆಗೆ ಹೆಚ್ಚಿನ ಬಾಡಿಗೆ ಕೊಟ್ಟು ಇದ್ದುದನ್ನು ನಾನು ಕಂಡಿದ್ದೇನೆ. ವಿದ್ಯಾವಂತರ ಊರೆಂದು ಹೇಳಿಕೊಳ್ಳುವ ನಾವು ಇದಕ್ಕೆ ನಾಚಬೇಕು. ಅಂಥ ಕಷ್ಟದಲ್ಲಿ ಮನೆ ಪಡೆದವನು ರಸೀದಿ ಕೇಳಿ ಮಾಲೀಕರ ಮುಖ ಕೆಡಿಸಿಕೊಳ್ಳುತ್ತಾನೆಯೇ? ಹುಡುಗಿಯರ ಕಷ್ಟ ಇನ್ನೊಂದು ಬಗೆಯದು. ಬಾಗಿಲು ತಟ್ಟದೆ ಒಳಗೆ ಬಂದು ನೀರಿನ ಟ್ಯಾಂಕು ನೋಡುವ ನೆಪದಲ್ಲಿ ಯಾರು ಬಂದಿದ್ದಾರೆಂದು ಪರೀಕ್ಷಿಸುವುದು, ಸಂಜೆ ಗ್ರಂಥಾಲಯದಿಂದ ತಡವಾದರೆ ಊರಿಗೆ ಫೋನ್ ಮಾಡಿ ತಂದೆಗೆ ದೂರು ಹೇಳುವುದು ಕೆಲವು ಮಾಲೀಕರಿಗೆ ತಮ್ಮ ಕರ್ತವ್ಯವೆಂದೇ ಅನಿಸಿಬಿಟ್ಟಿದೆ. ಅವರ ಕಾಳಜಿ ನಿಜವಿರಬಹುದು. ಬಾಡಿಗೆಗೆ ಕೊಟ್ಟ ಮನೆಯೊಳಗೆ ಕಾಲಿಡಲು ಒಪ್ಪಿಗೆ ಬೇಕು ಎಂಬುದೂ ಅಷ್ಟೇ ನಿಜ.

ಕಾಗದವಿಲ್ಲದ್ದರಿಂದ ಆಗುವ ನಷ್ಟ ಡಿಪಾಸಿಟ್ಟಿಗೇ ನಿಲ್ಲುವುದಿಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10ರಷ್ಟು ಹೆಚ್ಚುವರಿ ಸೇರಿಸಿ ಉಚಿತ ವಿದ್ಯುತ್ ಕೊಡುತ್ತದೆ. ಅದು ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಬಾಡಿಗೆದಾರನೆಂದು ತೋರಿಸಲು ಕರಾರು ಪತ್ರವೋ ಆ ವಿಳಾಸದ ದಾಖಲೆಯೋ ಬೇಕು. ಅದಿಲ್ಲದ ವಿದ್ಯಾರ್ಥಿಗಳ ಮನೆಯಲ್ಲಿ ಮೀಟರು ಮಾಲೀಕರ ಆಧಾರ್‌ಗೆ ಜೋಡಣೆಯಾಗಿರುತ್ತದೆ. ಮೆಟ್ಟಿಲ ಕೆಳಗಿನ ಮುಖ್ಯ ಮೀಟರಿನ ಪಕ್ಕದಲ್ಲಿ ಮಾಲೀಕರೇ ಕೂರಿಸಿದ ಸಣ್ಣ ಸಬ್-ಮೀಟರು ಇರುತ್ತದೆ. ಪ್ರತಿ ತಿಂಗಳು ಅದನ್ನು ನೋಡಿ ಯೂನಿಟ್ಟಿಗೆ ಇಷ್ಟೆಂದು ವಸೂಲಿ ನಡೆಯುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ಪಾವತಿಸಬೇಕಾದ ಮೊತ್ತ ಸೊನ್ನೆ ಎಂದಿದ್ದ ತಿಂಗಳಲ್ಲೂ ಹುಡುಗರಿಂದ ಹಣ ಪಡೆದ ಉದಾಹರಣೆಯನ್ನು ಬಿಲ್ಲು ಮತ್ತು ಫೋನ್-ಪೇ ಸಂದೇಶ ಎರಡನ್ನೂ ಮಗ್ಗುಲಲ್ಲಿಟ್ಟು ನಾನು ನೋಡಿದ್ದೇನೆ. ಒಂದೇ ಮೀಟರಿನ ಮೇಲೆ ನಾಲ್ಕು ಕೋಣೆ ಬಾಡಿಗೆಗೆ ಕೊಟ್ಟಾಗ ಬಳಕೆ 200 ಮೀರಿ ಪೂರ್ತಿ ಬಿಲ್ಲು ಬರುವುದೂ ಉಂಟು, ಆಗ ಮಾಲೀಕರು ಹಣ ಕೇಳುವುದರಲ್ಲಿ ತಪ್ಪಿಲ್ಲ. ಬಿಲ್ಲು ತೋರಿಸಿ ಕೇಳಲಿ ಎಂಬುದಷ್ಟೇ ಮಾತು.

ಇಷ್ಟೆಲ್ಲ ಬರೆದ ಮೇಲೆ ಮಾಲೀಕರ ಪರವಾಗಿಯೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೂವರೆಂದು ಹೇಳಿ ಬಂದ ಮನೆಯಲ್ಲಿ ಎಫ್.ಡಿ.ಎ. ಪರೀಕ್ಷೆಯ ಹೊತ್ತಿಗೆ ಏಳು ಜನ ಮಲಗಿರುತ್ತಾರೆ. ಕೇಳಿದರೆ ಎಲ್ಲರೂ ಕಾಕಾನ ಮಕ್ಕಳು. ಪಾಲಿಕೆಯ ನೀರು ದಿನವೂ ಬಾರದ ಓಣಿಯಲ್ಲಿ ಮೂವರಿಗೆಂದು ತುಂಬಿಸಿದ ಟ್ಯಾಂಕು ಏಳು ಜನಕ್ಕೆ ಎಷ್ಟು ದಿನ ಬಂದೀತು? ಮೇ ತಿಂಗಳಲ್ಲಿ ಪರೀಕ್ಷೆ ಮುಗಿದ ರಾತ್ರಿಯೇ ಚಾಪೆ ಸುತ್ತಿಕೊಂಡು ಬಸ್ ಹತ್ತಿ, ಎರಡು ತಿಂಗಳ ಬಾಡಿಗೆಯನ್ನು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳಿ ಎಂದು ವಾಟ್ಸ್‌ಆ್ಯಪ್ ಕಳಿಸುವವರಿದ್ದಾರೆ. ಪೊಲೀಸರು ಬಾಡಿಗೆದಾರರ ವಿವರ ಕೇಳಿದಾಗ ಮಾಲೀಕರ ಬಳಿ ಇರುವುದು ಒಬ್ಬನ ಆಧಾರ್ ಪ್ರತಿ ಮಾತ್ರ, ಅವನು ಊರು ಬಿಟ್ಟು ಎಷ್ಟೋ ದಿನವಾಗಿರುತ್ತದೆ. ಪಿಂಚಣಿಯ ಜೊತೆಗೆ ಈ ಬಾಡಿಗೆಯನ್ನೇ ನಂಬಿಕೊಂಡ ವಿಧವೆಯರು, ನಿವೃತ್ತರು ನಮ್ಮ ಓಣಿಗಳಲ್ಲಿ ಬೇಕಾದಷ್ಟಿದ್ದಾರೆ. ಅವರು ದೊಡ್ಡ ಡಿಪಾಸಿಟ್ ಕೇಳುವುದು ದುರಾಸೆಯಿಂದಲೇ ಎನ್ನಲಾರೆ, ಹೆಚ್ಚಾಗಿ ಅದು ಭಯದಿಂದ. ಆ ಭಯಕ್ಕೂ ಮದ್ದು ಅದೇ ಕಾಗದ. ಎಲ್ಲರ ಹೆಸರು, ಊರ ವಿಳಾಸ, ಪಾಲಕರ ಫೋನು ಕರಾರಿನಲ್ಲಿದ್ದರೆ, ಎಷ್ಟು ಜನ ಇರಬಹುದೆಂಬುದು ಅಲ್ಲೇ ಬರೆದಿದ್ದರೆ, ಮಾಲೀಕರಿಗೂ ಹಿಡಿಯಲು ಒಂದು ದಾರ ಸಿಗುತ್ತದೆ.

ಹನ್ನೊಂದು ತಿಂಗಳ ಕರಾರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲೆಂದೇ ಹನ್ನೊಂದು ತಿಂಗಳ ರೂಢಿ ಬಂದದ್ದು. ನೋಂದಣಿ ಬೇಡವೆಂದರೆ ಕರಾರೇ ಬೇಡವೆಂದು ಅರ್ಥವಲ್ಲ. ಹನ್ನೊಂದು ತಿಂಗಳು ಕಳೆದೊಡನೆ ಮಾಲೀಕರು ಸಾಮಾನು ಹೊರಗಿಟ್ಟು ಬೀಗ ಬದಲಿಸಬಹುದೆಂದೂ ಅರ್ಥವಲ್ಲ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಪರೀಕ್ಷೆ ಎದುರಿಗಿರುವಾಗ ದಾವೆ ಹೂಡುವ ವಿದ್ಯಾರ್ಥಿ ಯಾರೂ ಇಲ್ಲ, ಅದು ಮಾಲೀಕರಿಗೂ ಗೊತ್ತು.

ಆದರೆ ಡಿಪಾಸಿಟ್ಟಿನ ತಕರಾರಿಗೆ ದಾವೆಗಿಂತ ಹಗುರವಾದ ದಾರಿಯೊಂದಿದೆ, ಅದನ್ನು ಯಾರೂ ಬಳಸುತ್ತಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಕೋರ್ಟಿಗೆ ಹೋಗುವ ಮೊದಲೇ ವಿಷಯವನ್ನು ಲೋಕ ಅದಾಲತ್ತಿನ ಮುಂದೆ ತರಬಹುದು. ಶುಲ್ಕವಿಲ್ಲ, ಇಬ್ಬರೂ ಒಪ್ಪಿದರೆ ಅಲ್ಲಿ ಆದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇರುತ್ತದೆ. ಒಪ್ಪದಿದ್ದರೆ ಏನೂ ಆಗುವುದಿಲ್ಲ ಎಂಬ ಮಿತಿಯೂ ಇದೆ. ಆದರೂ ಪ್ರಾಧಿಕಾರದ ಲಕೋಟೆ ಮನೆಗೆ ಬಂದ ಮೇಲೆ ಕ್ಯಾಲೆಂಡರ್ ಹಾಳೆಯ ಲೆಕ್ಕ ಎಷ್ಟೋ ತಿಳಿಯಾಗುತ್ತದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದವರಿಗೆ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ, ಸಹಾಯವಾಣಿ 15100. ಕಾಲೇಜಿನ ಸೂಚನಾ ಫಲಕದ ಮೇಲೆ ತರಬೇತಿ ಕೇಂದ್ರಗಳ ಜಾಹೀರಾತಿಗೆ ಸಿಗುವ ಜಾಗದಲ್ಲಿ ಅಂಗೈಯಗಲ ಇದಕ್ಕೆ ಸಿಕ್ಕಿದ್ದರೆ ಆ ನಾಲ್ವರು ಹುಡುಗರು 2,750 ಎಣಿಸಿಕೊಂಡು ಸುಮ್ಮನೆ ಹೋಗುತ್ತಿರಲಿಲ್ಲ.

ನನ್ನ ಮನೆಯಲ್ಲಿ ನಾನು ಅನುಸರಿಸುವ ಕ್ರಮವನ್ನು ಹೇಳುವುದು ಉಪದೇಶವೆನಿಸಬಾರದು. ಡಿಪಾಸಿಟ್ ಎರಡು ತಿಂಗಳ ಬಾಡಿಗೆ. ಕರಾರಿನಲ್ಲಿ ಎಲ್ಲರ ಹೆಸರು ಮತ್ತು ಸಹಿ, ಪ್ರತಿಯೊಬ್ಬನ ಪಾಲಿಗೆ ಪ್ರತ್ಯೇಕ ರಸೀದಿ. ಕೀಲಿ ಕೊಡುವ ದಿನ ಅವರೆದುರೇ ಮೊಬೈಲಿನಲ್ಲಿ ಪ್ರತಿ ಗೋಡೆ, ನಲ್ಲಿ, ಸ್ವಿಚ್ಚು, ಬಚ್ಚಲ ನೆಲದ ವಿಡಿಯೊ ಮಾಡಿ ಎಲ್ಲರಿಗೂ ಕಳಿಸುತ್ತೇನೆ. ಕೆಟ್ಟಿದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸುತ್ತೇನೆ. ಇದರಲ್ಲಿ ಮುಖ್ಯವಾದದ್ದು ನಡುವೆ ಒಬ್ಬ ಬಿಟ್ಟು ಇನ್ನೊಬ್ಬ ಬರುವಾಗಿನ ಕ್ರಮ. ಹೋಗುವವನು ಬರುವವನಿಂದ ಹಣ ತೆಗೆದುಕೊಳ್ಳಲು ನಾನು ಬಿಡುವುದಿಲ್ಲ. ಅವನ ಪಾಲನ್ನು ಆ ದಿನದವರೆಗಿನ ಲೆಕ್ಕ ಮಾಡಿ ನಾನೇ ಮರಳಿಸುತ್ತೇನೆ, ಹೊಸಬನಿಂದ ಹೊಸದಾಗಿ ಪಡೆದು ರಸೀದಿ ಕೊಡುತ್ತೇನೆ, ಮನೆಯ ಸ್ಥಿತಿಯ ಹಾಳೆಗೆ ಅವನ ಸಹಿಯೂ ಆಗುತ್ತದೆ. ಒಡೆದ ಕನ್ನಡಿಯ ಹಣ ಒಡೆದವನಿಂದಲೇ ಹೋಗುತ್ತದೆ. ಇದರಿಂದ ಜಗಳವೇ ಇಲ್ಲವಾಯಿತೆಂದು ಹೇಳುವುದಿಲ್ಲ. ಎರಡು ವರ್ಷದ ಹಿಂದಿನ ತಂಡವೊಂದು ಹಿತ್ತಿಲ ಬಾಗಿಲಿನ ಕದ ಮುರಿದು, ಗಾಳಿಗೆ ಮುರಿಯಿತೆಂದು ಸಾಧಿಸಿ ಹೋಯಿತು. ಆದರೆ ಹಿಂದಿನವರ ಕಲೆಗೆ ಮುಂದಿನವರು ದಂಡ ತೆತ್ತದ್ದು ನನ್ನ ಮನೆಯಲ್ಲಿ ಆಗಿಲ್ಲ.

ಇದನ್ನು ಒಬ್ಬೊಬ್ಬ ಮಾಲೀಕರ ಒಳ್ಳೆಯತನಕ್ಕೆ ಬಿಡಬೇಕಾಗಿಲ್ಲ. ರಾಜ್ಯ ಸರ್ಕಾರ ಡಿಪಾಸಿಟ್ಟಿಗೆ ಎರಡು ತಿಂಗಳ ಮಿತಿಯನ್ನೂ ಲಿಖಿತ ಕರಾರನ್ನೂ ಕಾಯ್ದೆಯಾಗಿ ತರಲಿ. ಅದರಲ್ಲಿ ಹಲವರು ಕೂಡಿ ಹಿಡಿಯುವ ಮನೆಗೆ ಪ್ರತ್ಯೇಕ ನಿಯಮವಿರಲಿ, ಏಕೆಂದರೆ ಮಾದರಿ ಕಾಯ್ದೆಯೂ ನಡುವೆ ಬದಲಾಗುವ ಬಾಡಿಗೆದಾರರ ಈ ಸರಪಳಿಯನ್ನು ಸರಿಯಾಗಿ ಗಮನಿಸಿಲ್ಲ. ಕಾಯ್ದೆ ಬರುವವರೆಗೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕ್ಷೇಮಪಾಲನ ವಿಭಾಗಗಳು ಸುಮ್ಮನೆ ಕೂಡಬೇಕಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ, ಕಾನೂನು ಕಾಲೇಜುಗಳಲ್ಲಿ ಕಾನೂನು ನೆರವಿನ ಘಟಕಗಳಿವೆ. ಸರಳ ಕನ್ನಡದಲ್ಲಿ ಎರಡು ಪುಟದ ಮಾದರಿ ಕರಾರು, ಒಂದು ಪುಟದ ಮನೆ ಸ್ಥಿತಿಯ ಪಟ್ಟಿ, ಅರ್ಧ ಪುಟದ ಡಿಪಾಸಿಟ್ ರಸೀದಿ ಇಷ್ಟನ್ನು ಕಾನೂನು ವಿದ್ಯಾರ್ಥಿಗಳೇ ಒಂದು ವಾರದಲ್ಲಿ ಸಿದ್ಧಪಡಿಸಬಲ್ಲರು. ಪ್ರವೇಶ ಪತ್ರದ ಜೊತೆಗೆ ಪ್ರತಿ ಹೊಸ ವಿದ್ಯಾರ್ಥಿಗೆ ಅದರ ಪ್ರತಿ ಕೊಡಲಿ. ಯಾವ ಕಾಲೇಜಿಗೂ ಸೇರದ ಸ್ಪರ್ಧಾರ್ಥಿಗಳಿಗೆ ತರಬೇತಿ ಕೇಂದ್ರಗಳು ಹಂಚಲಿ. ಶುಲ್ಕದ ರಸೀದಿ ಕೊಡುವ ಮೇಜಿನ ಮೇಲೆ ಇನ್ನೊಂದು ಕಾಗದಕ್ಕೆ ಜಾಗವಿದೆ. ಮುಂದಿನ ಜೂನ್‌ನ ಪ್ರವೇಶಾತಿಗೆ ಮುನ್ನ ಅದು ತಯಾರಾದರೆ, ಮಾಳಮಡ್ಡಿಯ ನನ್ನ ಓಣಿಯ ಮಾಲೀಕರಿಗೆ ಮನೆಮನೆಗೆ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ
ಮಾಳಮಡ್ಡಿ, ಧಾರವಾಡ